ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದ ಖಗೋಳ ವಿಜ್ಞಾನಿ: ಅಡಾಲ್ಫ್ ಕೆಟ್ಲೆ

ಕಳೆದ ಬೇಸಿಗೆಯಲ್ಲಿ ಬೋರಗಾಂವಕ್ಕೆ ಹೋಗಿದ್ದಾಗ ನಮ್ಮ ಬಳಗದ ಆಯಿಯೊಬ್ಬರು ಒಂದು ಚೀಟಿ ತೋರಿಸಿದರು. ಉಚಿತ ಆರೋಗ್ಯ ತಪಾಸಣೆಯೊಂದರಲ್ಲಿ ಕೊಟ್ಟದ್ದು. ವಯಸ್ಸು 72, ಎತ್ತರ 148 ಸೆಂ.ಮೀ., ತೂಕ 56 ಕೆ.ಜಿ., ಬಿಎಂಐ 25.6. ಅದರ ಮುಂದೆ ಕೆಂಪು ಶಾಯಿಯಲ್ಲಿ ಬೊಜ್ಜು ಎಂದು ಬರೆದಿತ್ತು. ಆ ಚೀಟಿ ಕೈಗೆ ಬಂದ ದಿನದಿಂದ ಆಯಿ ರಾತ್ರಿ ಊಟ ಬಿಟ್ಟಿದ್ದರು. ಮಧ್ಯಾಹ್ನದ ಎರಡು ಜೋಳದ ರೊಟ್ಟಿ ಒಂದಾಗಿತ್ತು, ಮೊಸರು ಮತ್ತು ಶೇಂಗಾ ಚಟ್ನಿ ನಿಂತೇಹೋಗಿದ್ದವು. ಮೂರು ತಿಂಗಳಲ್ಲಿ 4 ಕೆ.ಜಿ. ಇಳಿದಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಆದರೆ ಹೊಲದಿಂದ ಎಮ್ಮೆಗೆ ಮೇವಿನ ಹೊರೆ ಹೊತ್ತು ತರುತ್ತಿದ್ದ ಅದೇ ಆಯಿ ಈಗ ಮನೆಯ ಕಟ್ಟೆ ಹತ್ತಲು ಗೋಡೆ ಹಿಡಿಯುತ್ತಿದ್ದರು.

ಪಕ್ಕದ ಮನೆಯ ಕಾಕಾ ಅದೇ ತಪಾಸಣೆಗೆ ಹೋಗಿದ್ದರು. ಇಚಲಕರಂಜಿಯ ಪವರ್‌ಲೂಮಿನಲ್ಲಿ ದುಡಿದು ಮನೆಗೆ ಮರಳಿದವರು. 168 ಸೆಂ.ಮೀ. ಎತ್ತರ, 60 ಕೆ.ಜಿ. ತೂಕ, ಬಿಎಂಐ 21.3. ಚೀಟಿಯಲ್ಲಿ ಹಸಿರು ಗುರುತು, ನಾರ್ಮಲ್. ಕಾಕಾ ಕುರ್ಚಿಯಿಂದ ಏಳಬೇಕೆಂದರೆ ಎರಡೂ ಕೈಗಳನ್ನು ಊರಬೇಕು. ಅದನ್ನು ಮಾತ್ರ ಅಲ್ಲಿ ಯಾರೂ ಕೇಳಿರಲಿಲ್ಲ.

ಈ ಎರಡು ಚೀಟಿಗಳ ಹಿಂದಿರುವ ಲೆಕ್ಕ ಒಂದೇ: ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸುವುದು. ಇಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಮೊಬೈಲಿನ ಆ್ಯಪ್‌ವರೆಗೆ ಎಲ್ಲೆಡೆ ಇರುವ ಈ ಸೂತ್ರವನ್ನು ಯಾರೋ ದೊಡ್ಡ ವೈದ್ಯರು ರೋಗಿಗಳನ್ನು ಪರೀಕ್ಷಿಸಿ ಕಂಡುಹಿಡಿದಿರಬೇಕು ಎಂದೇ ಹೆಚ್ಚಿನವರ ನಂಬಿಕೆ. ಅದು ತಪ್ಪು. ಇದರ ಮೂಲ ಸುಮಾರು 190 ವರ್ಷಗಳ ಹಿಂದಿನ ಬೆಲ್ಜಿಯಂನ ಒಬ್ಬ ಗಣಿತದ ಮೇಷ್ಟರು. ಅವರ ಸಂಬಳದ ಕೆಲಸ ನಕ್ಷತ್ರ ನೋಡುವುದಾಗಿತ್ತು. ಬೊಜ್ಜಿನ ಬಗ್ಗೆ ಅವರಿಗೆ ವಿಶೇಷ ಆಸಕ್ತಿಯೇನೂ ಇರಲಿಲ್ಲ. ಅವರ ಬದುಕನ್ನು ಒಮ್ಮೆ ನೋಡಿದರೆ ಆಯಿಯ ಚೀಟಿಯಲ್ಲಿ ಏನು ತಪ್ಪಿತು ಎಂಬುದೂ ತಿಳಿಯುತ್ತದೆ.

ಮೂರು ಬಾವುಟಗಳ ಊರು

ಲ್ಯಾಂಬರ್ಟ್ ಅಡಾಲ್ಫ್ ಜಾಕ್ ಕೆಟ್ಲೆ ಹುಟ್ಟಿದ್ದು 1796ರ ಫೆಬ್ರವರಿ 22ರಂದು, ಗೆಂಟ್ ನಗರದಲ್ಲಿ. ಆಗ ಆ ಊರು ಫ್ರಾನ್ಸಿನದು. ಅವರು ಹರೆಯಕ್ಕೆ ಬರುವಷ್ಟರಲ್ಲಿ ಅದು ನೆದರ್ಲೆಂಡ್ಸಿಗೆ ಸೇರಿತು, 1830ರ ಕ್ರಾಂತಿಯ ನಂತರ ಬೆಲ್ಜಿಯಂ ಆಯಿತು. ಊರು ಇದ್ದಲ್ಲೇ ಇದ್ದು ರಾಜ್ಯ ಬದಲಾಗುವುದು ಬೋರಗಾಂವದ ಹಿರಿಯರಿಗೆ ಹೊಸ ಸಂಗತಿಯಲ್ಲ. 1956ರ ನವೆಂಬರ್ 1ರ ತನಕ ಇದೂ ಮುಂಬಯಿ ರಾಜ್ಯದಲ್ಲೇ ಇತ್ತು.

ಕೆಟ್ಲೆಗೆ 7 ವರ್ಷವಿದ್ದಾಗ ತಂದೆ ತೀರಿಕೊಂಡರು. ಓದು ಮುಗಿಸಿದ ಕೂಡಲೇ, ಇನ್ನೂ 17ರ ಹುಡುಗನಾಗಿದ್ದಾಗಲೇ, ಹೊಟ್ಟೆಪಾಡಿಗೆ ಗಣಿತ ಹೇಳಿಕೊಡಲು ನಿಂತರು. ಮನಸ್ಸು ಮಾತ್ರ ಚಿತ್ರಕಲೆ, ಕವಿತೆ, ನಾಟಕದ ಕಡೆಗಿತ್ತು. ಗೆಳೆಯ ಡ್ಯಾಂಡಲಿನ್ ಜೊತೆ ಸೇರಿ ಒಂದು ಗೀತನಾಟಕವನ್ನೂ ಬರೆದಿದ್ದರು. 1819ರಲ್ಲಿ ಗೆಂಟ್ ವಿಶ್ವವಿದ್ಯಾಲಯ ಕೊಟ್ಟ ಮೊಟ್ಟಮೊದಲ ವಿಜ್ಞಾನ ಡಾಕ್ಟರೇಟ್ ಇವರದು. ವಿಷಯ ರೇಖಾಗಣಿತ. ಅದೇ ವರ್ಷ ಬ್ರಸೆಲ್ಸ್‌ಗೆ ಹೋಗಿ ಅಧ್ಯಾಪಕರಾದರು, ಮರುವರ್ಷ ಅಲ್ಲಿನ ಅಕಾಡೆಮಿಯ ಸದಸ್ಯರಾದರು.

ನಮ್ಮಲ್ಲೂ ಒಂದು ವೀಕ್ಷಣಾಲಯ ಬೇಕು ಎಂದು ಅವರು ಸರ್ಕಾರದ ಬೆನ್ನು ಹತ್ತಿದ್ದು ಆಗಲೇ. ವೀಕ್ಷಣಾಲಯ ನಡೆಸುವುದು ಹೇಗೆಂದು ಕಲಿಯಲು 1823ರ ಕೊನೆಯಲ್ಲಿ ಅವರನ್ನು ಪ್ಯಾರಿಸ್‌ಗೆ ಕಳಿಸಿದರು. ಕೆಲವೇ ತಿಂಗಳ ವಾಸ, ಆದರೆ ಅದು ಅವರ ಬದುಕಿನ ದಿಕ್ಕನ್ನೇ ತಿರುಗಿಸಿತು. ದೂರದರ್ಶಕದ ಕೆಲಸ ಕಲಿಯಲು ಹೋದವರಿಗೆ ಅಲ್ಲಿ ಲಾಪ್ಲಾಸ್, ಫೂರಿಯೆ ಮುಂತಾದವರ ಪರಿಚಯವಾಯಿತು, ಸಂಭವನೀಯತೆಯ ಗಣಿತದ ಹುಚ್ಚು ಹಿಡಿಯಿತು.

ಆಗಿನ ಖಗೋಳಜ್ಞರ ತಲೆನೋವು ಹೀಗಿತ್ತು. ಒಂದೇ ನಕ್ಷತ್ರದ ಸ್ಥಾನವನ್ನು ಹತ್ತು ಸಲ ಅಳೆದರೆ ಹತ್ತು ಉತ್ತರ ಬರುತ್ತವೆ. ಕೈ ನಡುಗುತ್ತದೆ, ಗಾಳಿ ಬೀಸುತ್ತದೆ, ಕಣ್ಣು ಸೋಲುತ್ತದೆ. ಆದರೆ ಆ ಉತ್ತರಗಳನ್ನೆಲ್ಲ ಒಟ್ಟಿಗೆ ಇಟ್ಟರೆ ಅವು ಅಡ್ಡಾದಿಡ್ಡಿ ಚೆಲ್ಲಿರುವುದಿಲ್ಲ. ಹೆಚ್ಚಿನವು ನಡುವೆ ಗುಡ್ಡೆ ಬಿದ್ದಿರುತ್ತವೆ, ಎರಡೂ ಬದಿಗೆ ಹೋದಂತೆ ಕಡಿಮೆಯಾಗುತ್ತವೆ. ಗುಡ್ಡೆಯ ನಡುವಿನ ಸರಾಸರಿಯೇ ನಕ್ಷತ್ರದ ನಿಜವಾದ ಸ್ಥಾನಕ್ಕೆ ತೀರ ಹತ್ತಿರ, ಉಳಿದದ್ದೆಲ್ಲ ದೋಷ. ಇಂದು ಗಂಟೆಯಾಕಾರದ ರೇಖೆ ಎಂದು ಶಾಲೆಯಲ್ಲಿ ಕಲಿಯುವುದು ಇದನ್ನೇ.

ಇದೇ ಲೆಕ್ಕವನ್ನು ಮನುಷ್ಯರಿಗೂ ಹಚ್ಚಿದರೆ ಹೇಗೆ ಎಂದು ಕೆಟ್ಲೆ ಯೋಚಿಸಿದರು.

ಸರಾಸರಿ ಮನುಷ್ಯ

ಊರಿಗೆ ಬಂದವರು ಸಿಕ್ಕಿದ್ದನ್ನೆಲ್ಲ ಎಣಿಸತೊಡಗಿದರು: ಹುಟ್ಟು, ಸಾವು, ಮದುವೆ, ಅಪರಾಧ, ಆತ್ಮಹತ್ಯೆ. 1825ರಲ್ಲಿ ಸೆಸಿಲ್ ಕುರ್ಟೆ ಎಂಬವರೊಂದಿಗೆ ಮದುವೆಯಾಯಿತು. 1828ರಲ್ಲಿ ವೀಕ್ಷಣಾಲಯದ ನಿರ್ದೇಶಕರೆಂಬ ಹುದ್ದೆಯೂ ಬಂತು. ಆದರೆ ಕಟ್ಟಡ ಮುಗಿಯುವ ಮೊದಲೇ 1830ರ ಕ್ರಾಂತಿ ಶುರುವಾಗಿ ಆ ಅರೆಬರೆ ಗೋಡೆಗಳು ಹೋರಾಟಗಾರರ ಕೋಟೆಯಾದವು. ನಕ್ಷತ್ರಗಳಿಗೆ ಇನ್ನೂ ಕೆಲವು ವರ್ಷ ಕಾಯಬೇಕಿತ್ತು. ಮನುಷ್ಯರಂತೂ ಎದುರಿಗೇ ಇದ್ದರು.

1835ರಲ್ಲಿ ಮನುಷ್ಯನ ಬೆಳವಣಿಗೆಯ ಕುರಿತ ಅವರ ದೊಡ್ಡ ಗ್ರಂಥ ಎರಡು ಸಂಪುಟಗಳಲ್ಲಿ ಬಂತು. ಅದರ ನಾಯಕ ಸರಾಸರಿ ಮನುಷ್ಯ. ಅಂಥವನು ಎಲ್ಲೂ ಇಲ್ಲ, ಸಾವಿರಾರು ಜನರ ಲೆಕ್ಕವನ್ನು ಕೂಡಿಸಿ ಭಾಗಿಸಿದಾಗ ಕಾಗದದ ಮೇಲೆ ಹುಟ್ಟುವವನು. ಮುಂದೆ ಅವರು ಸ್ಕಾಟ್ಲೆಂಡಿನ 5,738 ಸೈನಿಕರ ಎದೆ ಸುತ್ತಳತೆಯನ್ನು ಇದೇ ರೀತಿ ಜೋಡಿಸಿ ನೋಡಿದರು. ಸುಮಾರು 40 ಇಂಚಿನ ಬಳಿ ಗುಡ್ಡೆ, ಅತ್ತಿತ್ತ ಇಳಿಜಾರು. ಒಬ್ಬನೇ ಸೈನಿಕನನ್ನು ಅಷ್ಟು ಸಲ ಅಳೆದು ತಪ್ಪಿದ್ದರೆ ಹೇಗಿರುತ್ತಿತ್ತೋ ಹೆಚ್ಚುಕಡಿಮೆ ಹಾಗೆಯೇ.

ಈ ವಿಧಾನದ ಬಲ ಎಷ್ಟೆಂಬುದಕ್ಕೆ ಒಂದು ಉದಾಹರಣೆ. ಫ್ರಾನ್ಸಿನಲ್ಲಿ ಸೈನ್ಯಕ್ಕೆ ಕಡ್ಡಾಯ ಭರ್ತಿ ಇತ್ತು, 1.57 ಮೀಟರಿಗಿಂತ ಕುಳ್ಳಗಿದ್ದವರಿಗೆ ವಿನಾಯಿತಿ. ಭರ್ತಿಯ ಎತ್ತರದ ಪಟ್ಟಿ ನೋಡಿದ ಕೆಟ್ಲೆಗೆ 1.57ರ ಕೆಳಗೆ ಲೆಕ್ಕಕ್ಕಿಂತ ಹೆಚ್ಚು ಜನ, ಅದರ ಮೇಲಿನ ಮೆಟ್ಟಿಲಲ್ಲಿ ಲೆಕ್ಕಕ್ಕಿಂತ ಕಡಿಮೆ ಜನ ಕಂಡರು. ಸೈನ್ಯ ತಪ್ಪಿಸಿಕೊಳ್ಳಲು ಯುವಕರು ಮೊಣಕಾಲು ಬಗ್ಗಿಸಿ ನಿಂತಿದ್ದರೋ, ಅಳೆಯುವವರ ಕೈ ಬಿಸಿ ಮಾಡಿದ್ದರೋ, ಅಂತೂ ಮೋಸ ಅಂಕಿಗಳಲ್ಲೇ ಸಿಕ್ಕಿಬಿದ್ದಿತು. ಯಾರು ಮೋಸ ಮಾಡಿದರು ಎಂದು ಮಾತ್ರ ಈ ಲೆಕ್ಕ ಹೇಳಲಾರದು. ಗುಂಪಿನ ಬಗ್ಗೆ ಖಚಿತವಾಗಿ ಮಾತಾಡುವ ಅಂಕಿ ಒಬ್ಬೊಬ್ಬರ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಆಯಿಯ ಚೀಟಿಗೆ ಬಂದಾಗ ಇದು ನೆನಪಿರಲಿ.

ಕೆಟ್ಲೆ ಮಾಡಿದ ತಪ್ಪೂ ಇಲ್ಲೇ ಇದೆ ಎನ್ನುವುದು ನಮ್ಮ ಅನಿಸಿಕೆ. ನಕ್ಷತ್ರಕ್ಕೆ ನಿಜವಾದ ಒಂದು ಸ್ಥಾನವಿದೆ, ಹಾಗಾಗಿ ಸರಾಸರಿಯಿಂದ ಸರಿದದ್ದು ದೋಷ. ಮನುಷ್ಯರ ವಿಷಯದಲ್ಲೂ ಅವರು ಅದನ್ನೇ ಹಿಡಿದರು. ಪ್ರಕೃತಿ ಸರಾಸರಿ ಮನುಷ್ಯನನ್ನು ಗುರಿಯಿಟ್ಟು ಮಾಡುತ್ತದೆ, ನಾವೆಲ್ಲ ಆ ಗುರಿ ಅಷ್ಟಿಷ್ಟು ತಪ್ಪಿದವರು ಎಂಬಂತೆ. ಹಾಗೆ ಸರಾಸರಿ ಎಂಬುದು ಮೆಲ್ಲಗೆ ಆದರ್ಶವಾಯಿತು. ಕುಸ್ತಿಯ ತಾಲೀಮಿನಲ್ಲಿ ಮಣ್ಣು ಮೆತ್ತಿಕೊಂಡು ನಿಂತ ಪೈಲ್ವಾನರಿಗೆ ಈ ಲೆಕ್ಕ ಹಚ್ಚಿ ನೋಡಿ. ಕೊಲ್ಹಾಪುರದ ಖಾಸಬಾಗ್ ಮೈದಾನದಲ್ಲಿ ಗೆದ್ದ ಎಷ್ಟೋ ಜನ ಬೊಜ್ಜಿನ ಪಟ್ಟಿಗೆ ಬೀಳುತ್ತಾರೆ.

ಬೆಲ್ಲದ ಪೆಂಟೆ ಮತ್ತು ಮನುಷ್ಯ

ಇನ್ನು ಸೂತ್ರದ ವಿಷಯ. ಒಂದು ಬೆಲ್ಲದ ಪೆಂಟೆಯನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಎರಡು ಪಟ್ಟು ಮಾಡಿದರೆ ಅದರ ತೂಕ ಎಂಟು ಪಟ್ಟಾಗುತ್ತದೆ. ಅಂದರೆ ತೂಕ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಮನುಷ್ಯನೂ ಹಾಗೇ ಬೆಳೆದರೆ ಉದ್ದನೆಯವರು ಅಷ್ಟೇ ಪ್ರಮಾಣದಲ್ಲಿ ಅಗಲವೂ ದಪ್ಪವೂ ಆಗಿರಬೇಕಿತ್ತು. ಆದರೆ ವಯಸ್ಕರ ಅಳತೆಗಳಲ್ಲಿ ಕೆಟ್ಲೆಗೆ ಕಂಡದ್ದು ಬೇರೆ. ಎತ್ತರದವರು ಅಗಲದಲ್ಲಿ ಅಷ್ಟು ಏರುವುದಿಲ್ಲ, ಹಾಗಾಗಿ ತೂಕ ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ತಕ್ಕಂತೆ ಹೋಗುತ್ತದೆ. ಬೆಳೆಯುವ ಮಕ್ಕಳಲ್ಲಿ ಈ ಲೆಕ್ಕ ಹೊಂದುವುದಿಲ್ಲ ಎಂದೂ ಅವರೇ ತೋರಿಸಿದರು. ಬೆಳವಣಿಗೆಯ ನಿಯಮ ಹುಡುಕುತ್ತಿದ್ದವರಿಗೆ ಸಿಕ್ಕಿದ ಒಂದು ಸಂಬಂಧ ಇದು, ಅಷ್ಟೇ. ಇಷ್ಟು ಬಂದರೆ ಆರೋಗ್ಯ, ಅಷ್ಟು ಬಂದರೆ ರೋಗ ಎಂದು ಅವರು ಗೆರೆ ಎಳೆಯಲಿಲ್ಲ.

ಅಂದಹಾಗೆ, ವರ್ಗದ ಮೇಲೆ ಕೆಟ್ಲೆಗೆ ಏನೋ ಮೋಹವಿತ್ತು. ಹಿಮ ಬೀಳುವುದು ನಿಂತ ದಿನದಿಂದ ಪ್ರತಿದಿನದ ಸರಾಸರಿ ಉಷ್ಣಾಂಶದ ವರ್ಗಗಳನ್ನು ಕೂಡಿಸುತ್ತ ಹೋದರೆ, ಮೊತ್ತ 4,264 ಮುಟ್ಟಿದಾಗ ಲೈಲಾಕ್ ಹೂ ಅರಳುತ್ತದೆ ಎಂದೂ ಅವರು ಲೆಕ್ಕ ಹಾಕಿದ್ದರು.

ತೂಕ ಅಳೆಯುವಾಗ ಅವರು ತುಂಬ ನಿಗಾ ವಹಿಸುತ್ತಿದ್ದರು. ಬಟ್ಟೆ ತೊಟ್ಟೇ ತೂಗಿದ್ದರಿಂದ ಗಂಡಸರ ತೂಕದಲ್ಲಿ ಹದಿನೆಂಟನೇ ಒಂದು ಭಾಗ, ಹೆಂಗಸರದರಲ್ಲಿ ಇಪ್ಪತ್ನಾಲ್ಕನೇ ಒಂದು ಭಾಗ ಬಟ್ಟೆಯದೆಂದು ಕಳೆದರು. ವಯಸ್ಸಾದವರ ಲೆಕ್ಕಕ್ಕಾಗಿ ಬ್ರಸೆಲ್ಸ್‌ನಲ್ಲಿ ಆಗಷ್ಟೇ ಕಟ್ಟಿದ್ದ ವೃದ್ಧಾಶ್ರಮದವರನ್ನು ತೂಗಿದರು. ನಮಗೆ ಮುಖ್ಯವಾದದ್ದು ಅಲ್ಲಿ ಸಿಕ್ಕಿದ ಸಂಗತಿ. ಗಂಡಸರ ತೂಕ 40ರ ಆಸುಪಾಸಿನಲ್ಲಿ ತುತ್ತತುದಿ ಮುಟ್ಟಿ 60ರ ನಂತರ ಇಳಿಯತೊಡಗುತ್ತದೆ. ಹೆಂಗಸರದು 50ರ ತನಕ ಏರುತ್ತದೆ. 80ರ ಹೊತ್ತಿಗೆ ತೂಕ ಸುಮಾರು 6 ಕೆ.ಜಿ., ಎತ್ತರವೂ ಸುಮಾರು 7 ಸೆಂ.ಮೀ. ಕಡಿಮೆ. ಬೇರೆಬೇರೆ ವಯಸ್ಸಿನ ಬೇರೆಬೇರೆ ಜನರನ್ನು ಹೋಲಿಸಿದ ಲೆಕ್ಕವಾದ್ದರಿಂದ ಇದನ್ನು ಹಾಗೇ ಒಬ್ಬರ ಬದುಕಿಗೆ ಹಚ್ಚಲಾಗದು. ಆದರೆ ವಯಸ್ಸಾದಂತೆ ದೇಹ ಕುಗ್ಗುತ್ತದೆ ಎಂಬುದನ್ನು ಇಂದಿನ ಅಧ್ಯಯನಗಳೂ ಒಪ್ಪುತ್ತವೆ. ಬೆನ್ನೆಲುಬಿನ ನಡುವಿನ ಮೆತ್ತೆಗಳು ತೆಳುವಾಗುತ್ತವೆ, ಮೂಳೆ ಸವೆಯುತ್ತದೆ, ಬೆನ್ನು ಬಾಗುತ್ತದೆ.

ಈಗ ಆಯಿಯ ಚೀಟಿಗೆ ಬರೋಣ. ಹರೆಯದಲ್ಲಿ ಅವರ ಎತ್ತರ 153 ಸೆಂ.ಮೀ. ಇತ್ತು ಎಂದುಕೊಳ್ಳಿ. ಅದೇ 56 ಕೆ.ಜಿ.ಗೆ ಬಿಎಂಐ 23.9. ಎತ್ತರ 148ಕ್ಕೆ ಇಳಿದಾಗ ಒಂದು ಗ್ರಾಂ ಏರದೆಯೂ ಅದು 25.6. ಭಾರತದಲ್ಲಿ 23ರಿಂದ ಅತಿತೂಕ, 25ರಿಂದ ಬೊಜ್ಜು ಎಂದು ಲೆಕ್ಕ. ಬೆನ್ನು ಕುಗ್ಗಿದ್ದಕ್ಕೇ ಆಯಿ ಒಂದು ಮೆಟ್ಟಿಲು ಮೇಲಿನ ರೋಗಕ್ಕೆ ಬಡ್ತಿ ಪಡೆದರು!

ಕೆಟ್ಲೆಯ ಅದೇ ಪುಸ್ತಕದಲ್ಲಿ ತೂಕದ ಅಧ್ಯಾಯದ ಪಕ್ಕದಲ್ಲೇ ಇನ್ನೊಂದು ಅಧ್ಯಾಯವಿದೆ, ಶಕ್ತಿಯದು. ಫ್ರಾನ್ಸಿನ ರೆನ್ಯೆ ಎಂಬವರು ಮಾಡಿದ್ದ ಡೈನಮೋಮೀಟರ್ ಎಂಬ ಸ್ಪ್ರಿಂಗಿನ ಉಪಕರಣದಿಂದ ಮುಷ್ಟಿಯ ಹಿಡಿತ ಎಷ್ಟು, ಸೊಂಟದ ಬಲ ಎಷ್ಟು ಎಂದು ವಯಸ್ಸುವಾರು ಅಳೆದು ಕೋಷ್ಟಕ ಮಾಡಿದ್ದರು. ನಾಡಿಬಡಿತ, ಉಸಿರಾಟಗಳಿಗೂ ಬೇರೆ ಲೆಕ್ಕ. ಅವರ ಕಣ್ಣಿಗೆ ತೂಕ ಒಂದು ಸಂಗತಿ, ಬಲ ಇನ್ನೊಂದು. ಒಂದನ್ನು ನೋಡಿ ಇನ್ನೊಂದನ್ನು ಊಹಿಸುವ ಕೆಲಸ ಅವರು ಮಾಡಲಿಲ್ಲ. ಆ ಮುಷ್ಟಿಯ ಕೋಷ್ಟಕ ಮರೆತುಹೋಯಿತು, ತೂಕದ ಲೆಕ್ಕ ಉಳಿಯಿತು. ತೂಕದ ಯಂತ್ರ ಎಲ್ಲೆಡೆ ಸಿಗುತ್ತದೆ, ಡೈನಮೋಮೀಟರ್ ಸಿಗುವುದಿಲ್ಲ ಎಂಬುದೇ ಇದಕ್ಕೆ ಕಾರಣವಿದ್ದೀತು.

ಪಾರ್ಶ್ವವಾಯುವಿನ ನಂತರ 19 ವರ್ಷ

1834ರಿಂದ ಅಕಾಡೆಮಿಯ ಕಾಯಂ ಕಾರ್ಯದರ್ಶಿ, ಹೊಸ ದೇಶದ ಜನಗಣತಿಯ ಹಿಂದಿನ ತಲೆ, ಮುಂದೆ ವಿಕ್ಟೋರಿಯಾ ರಾಣಿಯ ಗಂಡನಾಗಲಿದ್ದ ರಾಜಕುಮಾರ ಆಲ್ಬರ್ಟ್‌ಗೆ ಗಣಿತದ ಮೇಷ್ಟರು, ಆಗಸ್ಟ್ ತಿಂಗಳಲ್ಲಿ ವರ್ಷವರ್ಷವೂ ಉಲ್ಕೆಗಳು ಹೆಚ್ಚು ಬೀಳುತ್ತವೆ ಎಂದು ಗುರುತಿಸಿದವರಲ್ಲಿ ಒಬ್ಬರು. ಕೆಟ್ಲೆ ಒಂದು ಕಡೆ ಕೂರುವ ಮನುಷ್ಯನಾಗಿರಲಿಲ್ಲ. ದೇಶದೇಶಗಳ ಅಂಕಿಅಂಶದವರು ಒಂದೇ ಅಳತೆಗೋಲು ಬಳಸಲಿ ಎಂದು 1853ರಲ್ಲಿ ಬ್ರಸೆಲ್ಸ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಕರೆದವರೂ ಅವರೇ. ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಗುರುವಿನಂತೆ ಕಾಣುತ್ತಿದ್ದರು.

1855ರಲ್ಲಿ, 59ರ ವಯಸ್ಸಿನಲ್ಲಿ ಕೆಟ್ಲೆಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ನೆನಪಿನ ಶಕ್ತಿ ಮೊದಲಿನಂತೆ ಉಳಿಯಲಿಲ್ಲ. ಅಂಕಿಗಳನ್ನೇ ಉಸಿರಾಡುತ್ತಿದ್ದವರ ಬರಹದಲ್ಲಿ ತಪ್ಪುಗಳು ನುಸುಳತೊಡಗಿದವು, ಬೇರೆಯವರು ತಿದ್ದಬೇಕಾಯಿತು. ಮೂರು ವರ್ಷದಲ್ಲಿ ಹೆಂಡತಿ ತೀರಿಕೊಂಡರು. ವೀಕ್ಷಣಾಲಯದ ಕೆಲಸಕ್ಕೆ ಮಗ ಅರ್ನೆಸ್ಟ್ ಹೆಗಲು ಕೊಟ್ಟರು. ಇಷ್ಟಾದರೂ ಅವರು ಮೂಲೆಗೆ ಕೂರಲಿಲ್ಲ. 1860ರಲ್ಲಿ ಲಂಡನ್ನಿನ ಸಮ್ಮೇಳನಕ್ಕೆ ಹೋದರು. 1869ರಲ್ಲಿ ಹಳೆಯ ಗ್ರಂಥವನ್ನು ಹಿಗ್ಗಿಸಿ ಮತ್ತೆ ಪ್ರಕಟಿಸಿದರು, ಅದರ ಬೆನ್ನಿಗೇ ಮನುಷ್ಯದೇಹದ ಅಳತೆಗಳ ಮೇಲೆ ಇನ್ನೊಂದು ದೊಡ್ಡ ಪುಸ್ತಕ ತಂದರು. 1872ರಲ್ಲಿ, 76ರ ವಯಸ್ಸಿನಲ್ಲಿ ಬ್ರಸೆಲ್ಸ್‌ನಿಂದ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ವರೆಗೆ ಪ್ರಯಾಣ ಮಾಡಿ ಸಮ್ಮೇಳನದಲ್ಲಿ ಕೂತರು. 1874ರ ಫೆಬ್ರವರಿ 17ರಂದು, 78 ತುಂಬಲು ಐದು ದಿನ ಇರುವಾಗ ತೀರಿಕೊಂಡರು.

ಒಬ್ಬ ಮುದುಕ ಎಷ್ಟು ಗಟ್ಟಿ ಎನ್ನುವುದನ್ನು ಅವರ ಎತ್ತರ ತೂಕದಿಂದ ಹೇಳಲಾಗದು ಎಂಬುದಕ್ಕೆ ಸೂತ್ರ ಕೊಟ್ಟವರ ಕೊನೆಯ 19 ವರ್ಷಗಳೇ ಸಾಕ್ಷಿ ಎಂದು ನಮಗೆ ಅನಿಸುತ್ತದೆ.

ಅವರು ಹೋದ ಮೇಲೆ

ಸೂತ್ರ ಸುಮಾರು ನೂರು ವರ್ಷ ಬದಿಯಲ್ಲೇ ಬಿದ್ದಿತ್ತು. ತೂಕಕ್ಕೆ ಗೆರೆ ಎಳೆದವರು ಅಮೆರಿಕದ ವಿಮಾ ಕಂಪನಿಗಳು. ಯಾವ ಗಿರಾಕಿ ಬೇಗ ಸಾಯುತ್ತಾನೆ ಎಂಬುದು ಅವರಿಗೆ ಹಣದ ಪ್ರಶ್ನೆ. ಮೆಟ್ರೋಪಾಲಿಟನ್ ಲೈಫ್ ಕಂಪನಿಯ ಲೂಯಿ ಡಬ್ಲಿನ್ 1942–43ರಲ್ಲಿ ಆದರ್ಶ ತೂಕದ ಪಟ್ಟಿ ತಂದರು. ಅದರಲ್ಲಿ ಎತ್ತರವಿತ್ತು, ವಯಸ್ಸೇ ಇರಲಿಲ್ಲ! 25ರಲ್ಲಿ ಇದ್ದ ತೂಕವೇ 65ರಲ್ಲೂ ಇರಬೇಕು ಎಂಬ ಎಣಿಕೆ. ಪಾಲಿಸಿ ಕೊಳ್ಳಲು ಶಕ್ತಿಯಿದ್ದ ಅಮೆರಿಕನ್ನರ ಅಂಕಿಗಳು ಅವು, ಬಹಳಷ್ಟು ಜನ ಬೂಟು ಬಟ್ಟೆ ತೊಟ್ಟೇ ತೂಗಿಸಿಕೊಂಡವರು. ಬಟ್ಟೆಯ ತೂಕ ಕಳೆದ ಕೆಟ್ಲೆ ನೋಡಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು.

1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ 7,400ಕ್ಕೂ ಹೆಚ್ಚು ಗಂಡಸರ ಅಂಕಿಗಳನ್ನು ಹಿಡಿದು ತೂಕ ಮತ್ತು ಎತ್ತರದ ಬೇರೆಬೇರೆ ಲೆಕ್ಕಗಳನ್ನು ಒರೆಗೆ ಹಚ್ಚಿದರು. ಚರ್ಮದ ಮಡಿಕೆಯ ದಪ್ಪಕ್ಕೆ, ಅಂದರೆ ಕೊಬ್ಬಿಗೆ, ಯಾವುದು ಹೆಚ್ಚು ಹೊಂದುತ್ತದೆ ಎಂದು ನೋಡಿದಾಗ ಕೆಟ್ಲೆಯ ಅನುಪಾತವೇ ಇದ್ದುದರಲ್ಲಿ ವಾಸಿ ಎನಿಸಿತು. ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರು ಬಂದದ್ದು ಆಗ. ಜನಸಮೂಹಗಳನ್ನು ಹೋಲಿಸಲು ಒಂದು ಅಗ್ಗದ ಅಳತೆ ಎಂಬುದಷ್ಟೇ ಅವರ ವಾದ. ಅಧ್ಯಯನದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 18.5, 25, 30 ಎಂಬ ಗೆರೆಗಳನ್ನು ಎಳೆಯಿತು. 1998ರಲ್ಲಿ ಅಮೆರಿಕ ಅತಿತೂಕದ ಗೆರೆಯನ್ನು 25ಕ್ಕೆ ಇಳಿಸಿದಾಗ ಕೋಟ್ಯಂತರ ಜನ ಏನೂ ತಿನ್ನದೆ ರಾತ್ರೋರಾತ್ರಿ ಅತಿತೂಕದವರಾದರು.

ಹಾಗಾದರೆ ಬಿಎಂಐ ಪೂರ್ತಿ ಸುಳ್ಳೇ? ಅಲ್ಲ, ಹಾಗೆ ಹೇಳುವುದೂ ಇನ್ನೊಂದು ಮಿಥ್ಯೆ. ನಮ್ಮ ದೇಶದಲ್ಲಂತೂ ಅಪಾಯ ಬೇರೆ ಬಾಗಿಲಿನಿಂದ ಬರುತ್ತದೆ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮದೇ ದೇಹಗಳನ್ನು ಹೋಲಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ತೆಳ್ಳಗೆ ಕಂಡರೂ ಒಳಗೆ, ಅದರಲ್ಲೂ ಹೊಟ್ಟೆಯಲ್ಲಿ, ಕೊಬ್ಬು ತುಂಬಿಕೊಳ್ಳುವ ಮೈಕಟ್ಟು ನಮ್ಮದು. ಭಾರತೀಯರಿಗೆ ಗೆರೆಯನ್ನು 23ಕ್ಕೂ 25ಕ್ಕೂ ಇಳಿಸಿದ್ದು ಸಕ್ಕರೆ ಕಾಯಿಲೆಯ ಈ ಭಯದಿಂದಲೇ, ಅದಕ್ಕೆ ಅರ್ಥವಿದೆ. 40ರ ವಯಸ್ಸಿನ, ಹೊಟ್ಟೆ ಬಂದಿರುವ ಗಂಡಸಿಗೆ ಆ ಕೆಂಪು ಗುರುತು ಸರಿಯಾದ ಎಚ್ಚರಿಕೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದೆಯೇ ಎಂದು ಟೇಪು ಹಿಡಿದು ನೋಡಿದರೆ ಇನ್ನೂ ಒಳ್ಳೆಯದು.

70 ದಾಟಿದವರ ವಿಷಯ ಬೇರೆ. ವಯಸ್ಸಿನೊಂದಿಗೆ ಸ್ನಾಯು ಕರಗುತ್ತದೆ, ಅದರ ಜಾಗದಲ್ಲಿ ಕೊಬ್ಬು ಕೂರುತ್ತದೆ. ಇದನ್ನು ಸಾರ್ಕೋಪೀನಿಯ ಎನ್ನುತ್ತಾರೆ. ಪಕ್ಕದ ಮನೆ ಕಾಕಾರ 60 ಕೆ.ಜಿ. ಮೂವತ್ತು ವರ್ಷದಿಂದ ಬದಲಾಗಿಲ್ಲದಿರಬಹುದು. ಒಳಗಿನ ಸರಕು ಬದಲಾಗಿದೆ, ತಕ್ಕಡಿಗೆ ಅದು ಕಾಣುವುದಿಲ್ಲ. 2014ರಲ್ಲಿ 65 ದಾಟಿದ ಸುಮಾರು 1,98,000 ಜನರ 32 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಸಾವಿನ ಅಪಾಯ ಏರತೊಡಗಿದ್ದು ಬಿಎಂಐ 23ಕ್ಕಿಂತ ಕೆಳಗಿಳಿದಾಗ ಮತ್ತು 33 ದಾಟಿದಾಗ. ನಡುವಿನವರು, ಅಂದರೆ ಪಟ್ಟಿಯ ಪ್ರಕಾರ ಅತಿತೂಕದವರು, ಚೆನ್ನಾಗಿಯೇ ಇದ್ದರು. ಇವು ಹೆಚ್ಚಾಗಿ ಪಾಶ್ಚಾತ್ಯರ ಅಂಕಿಗಳು, ಕಾಯಿಲೆಯಿಂದಲೇ ತೂಕ ಇಳಿದವರೂ ಲೆಕ್ಕದಲ್ಲಿ ಸೇರಿರುತ್ತಾರೆ, ಹಾಗಾಗಿ 33ರ ತನಕ ಸಲೀಸು ಎಂದು ನಮ್ಮವರಿಗೆ ಹೇಳಲಾಗದು. ಆದರೆ ಅಜ್ಜಿಯರನ್ನು ಹರೆಯದವರ ಗೆರೆಗೆ ಇಳಿಸುವ ಅವಸರ ಬೇಡ ಎಂದಂತೂ ಹೇಳಬಹುದು.

ಅಮೆರಿಕದಲ್ಲಿ 60 ದಾಟಿದ 2,603 ಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ವರ್ಷಾನುಗಟ್ಟಲೆ ಗಮನಿಸಿ, 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದಮ್ಮು ಚೆನ್ನಾಗಿದ್ದವರು ದಪ್ಪವಿರಲಿ ತೆಳ್ಳಗಿರಲಿ, ದಮ್ಮಿಲ್ಲದವರಿಗಿಂತ ಕಡಿಮೆ ಸತ್ತಿದ್ದರು. ಕೆಟ್ಲೆಯ ಮರೆತುಹೋದ ಮುಷ್ಟಿಯ ಕೋಷ್ಟಕವೂ ಈಗ ಮರಳಿ ಬಂದಿದೆ. ಭಾರತವೂ ಸೇರಿ 17 ದೇಶಗಳ ಸುಮಾರು 1,40,000 ಜನರ ಮುಷ್ಟಿ ಹಿಡಿತವನ್ನು ಅಳೆದ ಅಧ್ಯಯನ 2015ರಲ್ಲಿ ಬಂತು. ಸಾವಿನ ಅಪಾಯವನ್ನು ಮುಂಚಿತವಾಗಿ ಹೇಳುವುದರಲ್ಲಿ ಮುಷ್ಟಿಯ ಬಲ ಮೇಲಿನ ರಕ್ತದೊತ್ತಡಕ್ಕಿಂತ ಒಂದು ಕೈ ಮೇಲಿತ್ತು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಗೆರೆಗಳು ಹೀಗಿವೆ: ಹಿಡಿತ ಗಂಡಸರಲ್ಲಿ 28 ಕೆ.ಜಿ., ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆಯಿದ್ದರೆ, ನಡಿಗೆ ಸೆಕೆಂಡಿಗೆ 1 ಮೀಟರಿಗಿಂತ ನಿಧಾನವಾಗಿದ್ದರೆ, ಅಥವಾ ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಸ್ನಾಯುಗಳ ಕಡೆ ಗಮನ ಕೊಡಬೇಕು.

ತೂಕ ನಿಜಕ್ಕೂ ಇಳಿಸಬೇಕಾದ ಹಿರಿಯರೂ ಇರುತ್ತಾರೆ, ಮೊಣಕಾಲು ನೋವು, ಸಕ್ಕರೆ ಕಾಯಿಲೆ ಇದ್ದವರು. ಅವರು ಬರೀ ಊಟ ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಮೂಳೆಯೂ ಹೋಗುತ್ತವೆ. 65 ದಾಟಿದ ಬೊಜ್ಜಿನ 160 ಜನರ ಮೇಲೆ ನಡೆಸಿ 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೂಕ ಇಳಿಸುವುದರ ಜೊತೆ ನಡಿಗೆಯಂಥ ವ್ಯಾಯಾಮವನ್ನೂ ಭಾರ ಎತ್ತುವ ವ್ಯಾಯಾಮವನ್ನೂ ಎರಡನ್ನೂ ಮಾಡಿದವರ ದೇಹಶಕ್ತಿ ಎಲ್ಲರಿಗಿಂತ ಹೆಚ್ಚು ಸುಧಾರಿಸಿತ್ತು. ನಮ್ಮ ಆಯಿಗೆ ಸಕ್ಕರೆಯೂ ಇರಲಿಲ್ಲ, ಬಿಪಿಯೂ ಇರಲಿಲ್ಲ. ಮೇವಿನ ಹೊರೆ ಹೊರುವ ವ್ಯಾಯಾಮ ಮೊದಲೇ ಇತ್ತು. ಚೀಟಿ ಬಂದ ಮೇಲೆ, ಊಟ ಸಾಲದೆ ಸುಸ್ತಾಗಿ, ಅದೂ ನಿಂತಿತ್ತು.

ಡಾಕ್ಟರನ್ನು ಕಂಡು ಮಾತಾಡಿಸಿದ ಮೇಲೆ ರಾತ್ರಿಯ ರೊಟ್ಟಿ, ಮೊಸರು, ಬೇಳೆ ಮತ್ತೆ ತಟ್ಟೆಗೆ ಬಂದವು. ದೀಪಾವಳಿಗೆ ಹೋದಾಗ ನಾವು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ, ಎರಡೂ ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿದೆವು. ಆಯಿ ನಗುತ್ತಲೇ 11 ಸೆಕೆಂಡಿನಲ್ಲಿ ಮುಗಿಸಿದರು. ಕಾಕಾರಿಗೆ ಕೈ ಊರದೆ ಎರಡನೇ ಸಲ ಏಳಲು ಆಗಲಿಲ್ಲ. ಹಸಿರು ಚೀಟಿಯನ್ನು ಜೇಬಿನಿಂದ ತೆಗೆದು ನೋಡಿದರು, ಮಡಚಿ ಒಳಗಿಟ್ಟರು. ವಾರಕ್ಕೆ ಎಷ್ಟು ದಿನ, ಏನೇನು ಮಾಡಬೇಕು ಎಂದು ಕೇಳಿದರು. ಮರುದಿನ ಬೆಳಿಗ್ಗೆ ಅವರನ್ನು ನಿಪ್ಪಾಣಿಯ ಫಿಸಿಯೋಥೆರಪಿ ಡಾಕ್ಟರ ಬಳಿ ಕರೆದುಕೊಂಡು ಹೋದೆವು.